ಕರೆಂಟ್ ಹೋದಾಗ ತಾನಾಗಿ ಹೊತ್ತಿಕೊಳ್ಳುವ ದೀಪ

ಮುಂಗಾರು ಹಿಡಿಯುವ ಮೊದಲು ಮಲೆನಾಡಿನ ಮನೆಗಳಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ. ಕಟ್ಟಿಗೆ ಒಳಗೆ ಬರಬೇಕು, ಹಪ್ಪಳ ಸಂಡಿಗೆ ಡಬ್ಬಿ ಸೇರಬೇಕು, ಎರಚಲು ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಏಳಬೇಕು. ಈ ಕೆಲಸಗಳ ಕೊನೆಗೆ ಯಾರಿಗೋ ನೆನಪಾಗಿ ಕಪಾಟಿನ ಮೇಲಿಂದ ಎಮರ್ಜೆನ್ಸಿ ಲೈಟು ಕೆಳಗಿಳಿಯುತ್ತದೆ. ಧೂಳು ಒರೆಸಿ ಸ್ವಿಚ್ ಒತ್ತಿದರೆ ಬೆಳಕಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಐದು ನಿಮಿಷ ಮಂಕಾಗಿ ಉರಿದು ಮತ್ತೆ ಸುಮ್ಮನಾಗುತ್ತದೆ. ತಂದದ್ದು ಹೋದ ವರ್ಷ. ಅಲ್ಲಿಂದ ಇಲ್ಲಿಯವರೆಗೆ ಅದು ಉರಿದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು: ‘ಬ್ಯಾಟರಿ ಹೋಗಿದೆ, ರಿಪೇರಿಗಿಂತ ಹೊಸದೇ ತಗೊಳ್ಳಿ.’

ಫ್ಯಾನು, ಮಿಕ್ಸಿ, ಗ್ರೈಂಡರ್ ಎಲ್ಲವೂ ದುಡಿದು ದುಡಿದು ಸವೆಯುತ್ತವೆ. ಎಮರ್ಜೆನ್ಸಿ ಲೈಟು ಮಾತ್ರ ಕೆಲಸವಿಲ್ಲದೆ ಕೂತು ಕೆಡುತ್ತದೆ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಈ ದೀಪ ಉರಿಯಬೇಕಾದದ್ದು ನೂರು ಗಂಟೆಯೋ ಇನ್ನೂರು ಗಂಟೆಯೋ ಇರಬಹುದು. ಮಿಕ್ಕ ಹೊತ್ತೆಲ್ಲ ಅದಕ್ಕಿರುವ ಕೆಲಸ ಕಾಯುವುದೊಂದೇ. ಮನೆಯಲ್ಲೇ ಅಂಥದೊಂದನ್ನು ಕಟ್ಟಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಷ್ಟು ವಾಟ್‌ನ ಎಲ್‌ಇಡಿ ಹಾಕಬೇಕು ಎಂಬಲ್ಲಿಂದ ಶುರು ಮಾಡುತ್ತಾರೆ. ಬೆಳಕು ಈಗ ಸುಲಭದ ಕೆಲಸ. ತಿಂಗಳುಗಟ್ಟಲೆ ಸುಮ್ಮನಿದ್ದೂ ಸಾಯದ ಬ್ಯಾಟರಿ, ಯಾರೂ ಮುಟ್ಟದೆ ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆ, ಇವೆರಡರಲ್ಲೇ ತಲೆಬಿಸಿ ಇರುವುದು.

ಹಲವು ಅಗ್ಗದ ಚಾರ್ಜರ್ ಲೈಟುಗಳ ಹೊಟ್ಟೆಯಲ್ಲಿರುವುದು 4 ವೋಲ್ಟ್‌ನ ಪುಟ್ಟ ಸೀಸ-ಆಮ್ಲ ಬ್ಯಾಟರಿ. ದೊಡ್ಡ ಲೈಟುಗಳಲ್ಲಿ 6 ವೋಲ್ಟ್, 4.5 ಆಂಪಿಯರ್-ಅವರ್‌ನದು. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದ ಬ್ಯಾಟರಿಯ ವಂಶವೇ ಇದು. ಕಾರು, ಟ್ರ್ಯಾಕ್ಟರ್, ಮನೆಯ ಯುಪಿಎಸ್ಸುಗಳಲ್ಲಿ ಇಂದಿಗೂ ನೆಚ್ಚಿಕೊಳ್ಳಬಹುದಾದ ಜಾತಿ. ಆದರೆ ಇದಕ್ಕೆ ಹಸಿವು ತಡೆಯದು. ಚಾರ್ಜ್ ಇಳಿದಂತೆ ಅದರ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಕ್ಷಣ ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಸೀಸ, ಸೀಸದ ಆಕ್ಸೈಡ್ ಮತ್ತು ಆಮ್ಲವಾಗುತ್ತದೆ. ವಾರ, ತಿಂಗಳು ಹಾಗೇ ಬಿಟ್ಟರೆ ಸಲ್ಫೇಟ್ ದಪ್ಪ ಹರಳುಗಟ್ಟಿ ಕುಳಿತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಬಳಸದಿದ್ದರೂ ತಿಂಗಳಿಗೆ ಇಷ್ಟಿಷ್ಟು ಚಾರ್ಜ್ ತಾನಾಗಿ ಸೋರುತ್ತಲೇ ಇರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಕಪಾಟಿನ ಮೇಲೆ ಒಂದು ಬೇಸಿಗೆ ಕಳೆದ ಲೈಟಿಗೆ ಏನಾಯಿತೆಂದು ಇಷ್ಟರಲ್ಲೇ ತಿಳಿಯುತ್ತದೆ.

ಹಾಗಾದರೆ ಸದಾ ಪ್ಲಗ್ಗಿನಲ್ಲೇ ಇಟ್ಟರಾಯಿತಲ್ಲ? ಅಲ್ಲಿ ಇನ್ನೊಂದು ಬಗೆಯ ಸಾವು. ಪೂರ್ತಿ ತುಂಬಿದ ಮೇಲೂ ಕರೆಂಟ್ ತಳ್ಳುತ್ತಲೇ ಇದ್ದರೆ ಒಳಗಿನ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ನಿಧಾನಕ್ಕೆ ಬತ್ತುತ್ತದೆ. ಸೀಲ್ ಮಾಡಿದ ಬ್ಯಾಟರಿಗೆ ಹೊರಗಿನಿಂದ ನೀರು ಹಾಕುವ ದಾರಿಯಿಲ್ಲ. 6 ವೋಲ್ಟ್ ಬ್ಯಾಟರಿಯನ್ನು ಸದಾ ಚಾರ್ಜಿನಲ್ಲಿಡಬೇಕಾದರೆ ವೋಲ್ಟೇಜನ್ನು 6.8ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಬೇಕು. ಆ ನಿಯಂತ್ರಣಕ್ಕೆ ಬೇಕಾದ ನಾಲ್ಕಾರು ಬಿಡಿಭಾಗಗಳ ದುಡ್ಡನ್ನೇ ಅಗ್ಗದ ಲೈಟುಗಳ ತಯಾರಕರು ಉಳಿಸಿರುತ್ತಾರೆ.

ಎಷ್ಟು ಉಳಿಸಿರುತ್ತಾರೆ ಎಂಬುದು ಅಂಥ ಲೈಟನ್ನು ಬಿಚ್ಚಿದರೆ ಕಾಣುತ್ತದೆ. ಅನೇಕ ಸಲ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. 230 ವೋಲ್ಟ್‌ನ ತಂತಿಗೆ ಒಂದು ಕೆಪಾಸಿಟರ್, ಅದರ ಹಿಂದೆ ನಾಲ್ಕು ಡಯೋಡ್, ಅಲ್ಲಿಂದ ನೇರ ಬ್ಯಾಟರಿ. ಒಂದು ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 50 ಹರ್ಟ್ಸ್‌ನ ಕರೆಂಟಿಗೆ ಸುಮಾರು 3,180 ಓಮ್ ತಡೆ ಒಡ್ಡುತ್ತದೆ. ಹಾಗಾಗಿ 72 ಮಿಲಿಆಂಪಿಯರ್‌ನಷ್ಟು ಒಳಗೆ ಹರಿಯುತ್ತದೆ. ಬ್ಯಾಟರಿ ತುಂಬಿದರೂ ಅಷ್ಟೇ, ತುಂಬದಿದ್ದರೂ ಅಷ್ಟೇ. ಲೆಕ್ಕಾಚಾರವೇನೋ ಜಾಣತನದ್ದೇ. ಆದರೆ ಲೈಟು ಪ್ಲಗ್ಗಿನಲ್ಲಿರುವಾಗ ಅದರೊಳಗಿನ ಪ್ರತಿಯೊಂದು ತಂತಿಯೂ, ಬ್ಯಾಟರಿಯ ತುದಿಯೂ ಕೂಡ, ಮೇನ್ಸ್‌ಗೆ ನೇರ ಅಂಟಿಕೊಂಡಿರುತ್ತದೆ. ನಾಲ್ಕು ವೋಲ್ಟ್ ತಾನೇ ಎಂದು ಮುಟ್ಟಿದವರಿಗೆ ಹೊಡೆಯುವುದು ಇನ್ನೂರಮೂವತ್ತು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಒಂದಿಷ್ಟು ಹೊತ್ತು ಚಾರ್ಜ್ ಹಿಡಿದುಕೊಂಡಿರಬಹುದು. ಎಳೆಯರು ಕುತೂಹಲಕ್ಕೆ ಹಳೆ ಲೈಟು ಬಿಚ್ಚುವ ಮನೆಗಳಲ್ಲಿ ದೊಡ್ಡವರು ಮೊದಲು ಹೇಳಿಕೊಡಬೇಕಾದದ್ದು ಇದನ್ನೇ.

ಸ್ವಂತವಾಗಿ ಕಟ್ಟುವ ದೀಪಕ್ಕೆ ಇದರಿಂದ ಒಂದು ನಿಯಮ ಸಿಗುತ್ತದೆ. 230 ವೋಲ್ಟ್‌ನ ಉಸಾಬರಿಯನ್ನು ಕಾರ್ಖಾನೆಯಲ್ಲೇ ಮುಚ್ಚಿ ಬಂದ ಒಳ್ಳೆಯ ಮೊಬೈಲ್ ಚಾರ್ಜರಿಗೆ ಬಿಟ್ಟುಬಿಡುವುದು. ಅದರೊಳಗೆ ಮೇನ್ಸ್‌ಗೂ ಹೊರಬರುವ 5 ವೋಲ್ಟ್‌ಗೂ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಎರಡೂ ಕಡೆಯ ತಂತಿಗಳು ಒಂದನ್ನೊಂದು ಮುಟ್ಟುವುದಿಲ್ಲ. ಕೈ ಆಡಿಸುವುದೆಲ್ಲ 5 ವೋಲ್ಟ್‌ನ ಈಚೆಗೆ. ಹಳೆ ಫೋನು ಸತ್ತರೂ ಅದರ ಚಾರ್ಜರ್ ಬದುಕಿರುವ ಮನೆಗಳು ಬೇಕಾದಷ್ಟಿವೆ.

ಬೆಳಕು ಸುಲಭವಾದದ್ದು ಹೇಗೆ ಎಂಬುದಕ್ಕೆ ಮೂವತ್ತು ಚಿಲ್ಲರೆ ವರ್ಷಗಳ ಕಥೆಯಿದೆ. 1990ರ ದಶಕದ ಎಮರ್ಜೆನ್ಸಿ ಲೈಟೆಂದರೆ ಗೇಣುದ್ದದ ಟ್ಯೂಬು, ಅದನ್ನು ಹೊತ್ತಿಸಲು ಕಿಂಯ್ ಎನ್ನುವ ಸರ್ಕ್ಯೂಟು, ಒಂದೇ ಕೈಯಲ್ಲಿ ಎತ್ತಲು ಭಾರವೆನಿಸುವ ಬ್ಯಾಟರಿ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಾಕಮುರ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಹೊರತಂದರು. ಅದೇ ಕಂಪನಿ 1996ರಲ್ಲಿ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಬೆಳಕು ಮಾಡಿತು. ನಾಕಮುರ, ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಈಗ ಬೀದಿ ಅಂಗಡಿಯಲ್ಲಿ ಸಿಗುವ ಸಾಧಾರಣ ಬಿಳಿ ಎಲ್‌ಇಡಿಯೂ ಒಂದು ವಾಟ್‌ಗೆ 100 ಲ್ಯೂಮೆನ್ನಿನ ಆಸುಪಾಸು ಬೆಳಕು ಕೊಡುತ್ತದೆ. 60 ವಾಟ್‌ನ ಹಳೆಯ ಬುರುಡೆ ಬಲ್ಬು ಒಟ್ಟು 700 ಲ್ಯೂಮೆನ್ ದಾಟಲು ಹೆಣಗುತ್ತಿತ್ತು.

ಕರ್ನಾಟಕದಲ್ಲಿ ಶಿವನಸಮುದ್ರದ ಜಲವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿ ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಇಷ್ಟು ಹಳೆಯ ವಿದ್ಯುತ್ ಚರಿತ್ರೆ ಇರುವ ನಾಡಿನಲ್ಲೂ ಮನೆಮನೆಯಲ್ಲಿ ಲಾಟೀನು ತೀರಾ ಈಚಿನವರೆಗೆ ಉಳಿದದ್ದಕ್ಕೆ ಕಾರಣ ಬಯಲಿನಲ್ಲಿ ಲೋಡ್ ಶೆಡ್ಡಿಂಗ್, ಮಲೆನಾಡು ಕರಾವಳಿಯಲ್ಲಿ ಮಳೆ. ಎರಡರ ಸ್ವಭಾವವೂ ಬೇರೆ. ಲೋಡ್ ಶೆಡ್ಡಿಂಗ್ ಎಂದರೆ ಗಂಟೆಗಳ ಲೆಕ್ಕ. ತೀರ್ಥಹಳ್ಳಿ, ಹೊಸನಗರ, ಮೂಡಿಗೆರೆ ಕಡೆ ಆಷಾಢದ ಗಾಳಿಗೆ ಕಾಡಿನ ನಡುವಿನ ಲೈನಿನ ಮೇಲೆ ಮರ ಬಿದ್ದರೆ ಲೈನ್‌ಮ್ಯಾನ್ ಅದನ್ನು ಹುಡುಕಿ, ಕಡಿಸಿ, ತಂತಿ ಎಳೆಯುವಷ್ಟರಲ್ಲಿ ದಿನಗಳೇ ಉರುಳುತ್ತವೆ. 2018 ಮತ್ತು 2019ರ ಆಗಸ್ಟಿನಲ್ಲಿ ಕೊಡಗು, ಚಿಕ್ಕಮಗಳೂರು ಕಂಡ ಮಳೆಯಲ್ಲಿ ಕಂಬಗಳ ಜೊತೆ ಗುಡ್ಡಗಳೇ ಜರಿದವು. ಬೆಂಗಳೂರಿನ ಫ್ಲ್ಯಾಟಿಗೆ ಎರಡು ಗಂಟೆ ಉರಿಯುವ ದೀಪ ಸಾಕು. ಕಾಡಂಚಿನ ಮನೆಗೆ ಮೂರು ರಾತ್ರಿ ತಾಳುವ ದೀಪ ಬೇಕು.

ಮೂರು ರಾತ್ರಿ ತಾಳಬೇಕೆಂದರೆ ಎಷ್ಟು ಬೆಳಕು ಬೇಕು ಎಂಬ ಪ್ರಶ್ನೆಯನ್ನು ತುಸು ಜಿಪುಣತನದಿಂದಲೇ ಕೇಳಬೇಕು. ಹುಣ್ಣಿಮೆಯ ಬೆಳದಿಂಗಳು ನೆಲದ ಮೇಲೆ ಬೀಳುವುದು ಕಾಲು ಲಕ್ಸ್‌ನಷ್ಟು. ಅಷ್ಟರಲ್ಲೇ ಜನ ತೋಟ ದಾಟಿ ನಡೆದಿದ್ದಾರೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ 75 ಲ್ಯೂಮೆನ್ನಿನ ದೀಪವನ್ನು ಸುಣ್ಣ ಬಳಿದ ಗೋಡೆಗೋ ಸೂರಿಗೋ ಮುಖಮಾಡಿಸಿ ಇಟ್ಟರೆ ನೆಲಕ್ಕೆ ಮೂರು ನಾಲ್ಕು ಲಕ್ಸ್ ಸಿಗುತ್ತದೆ, ಅಂದರೆ ಬೆಳದಿಂಗಳ ಹತ್ತು ಪಟ್ಟಿಗೂ ಹೆಚ್ಚು. ಅಡುಗೆಮನೆಯಲ್ಲಿ ಹಾಲು ಕಾಯಿಸಲು, ಬಚ್ಚಲಿಗೆ ಹೋಗಿಬರಲು, ಔಷಧಿ ಡಬ್ಬಿ ಹುಡುಕಲು ಇಷ್ಟು ಧಾರಾಳ. ಮಕ್ಕಳು ಓದುವುದಿದ್ದರೆ ಅದೇ ದೀಪವನ್ನು ಪುಸ್ತಕದಿಂದ ಮೊಳದೂರಕ್ಕೆ ತಂದು ಬಗ್ಗಿಸಿದರಾಯಿತು. ಬೊಡ್ಡೆ ಬತ್ತಿಯ ಸೀಮೆಎಣ್ಣೆ ಬುಡ್ಡಿ ಕೊಡುತ್ತಿದ್ದದ್ದು ಹತ್ತು ಲ್ಯೂಮೆನ್ನಿನ ಆಸುಪಾಸು, ಅದೂ ಮೂಗು ಕಪ್ಪಾಗಿಸಿಕೊಂಡು.

ಬಣ್ಣದ ಬಗ್ಗೆಯೂ ಒಂದು ಮಾತು. ಅಂಗಡಿಯ ಲೈಟುಗಳೆಲ್ಲ ನೀಲಿ ಛಾಯೆಯ ಕಣ್ಣು ಕುಕ್ಕುವ ಬಿಳಿಯವು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕೆಂದು ತೋರಿಸಲು ಅದೇ ಅನುಕೂಲ. ಮೊದಲ ಮಳೆಯ ಸಂಜೆ ಹುತ್ತದಿಂದೆದ್ದ ಈಸಲು ಹುಳುಗಳು ಮುತ್ತಿಕೊಳ್ಳುವುದೂ ಅಂಥ ಬೆಳಕಿಗೇ ಹೆಚ್ಚು. ವಾರ್ಮ್ ವೈಟ್ ಎಂದು ಕೇಳಿ ಹಳದಿ ಛಾಯೆಯ ಎಲ್‌ಇಡಿ ತಂದರೆ ಊಟದ ತಟ್ಟೆಗೆ ಹುಳು ಬೀಳುವುದು ಕಡಿಮೆಯಾಗುತ್ತದೆ.

ಈಗ ಬ್ಯಾಟರಿ. ಮನೆಯಲ್ಲಿ ಕಟ್ಟುವವರ ಕೈಗೆ ಸುಲಭವಾಗಿ ಸಿಗುವುದು 18650 ಎಂಬ ಸೆಲ್ಲು. ಹೆಸರೇ ಅದರ ಅಳತೆ: 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗಳ ಕುಲದ್ದು ಇದು. ಆ ವಿದ್ಯೆಗೆ ಅಡಿಪಾಯ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್, ಅಕಿರಾ ಯೋಶಿನೊ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಪೂರ್ತಿ ತುಂಬಿದಾಗ 4.2 ವೋಲ್ಟ್, ಬಹುಹೊತ್ತು 3.7ರ ಆಸುಪಾಸು, 3ಕ್ಕಿಂತ ಕೆಳಗಿಳಿದರೆ ಖಾಲಿ ಎಂದೇ ಲೆಕ್ಕ. ಸೀಸದ ಬ್ಯಾಟರಿಗೆ ಹೋಲಿಸಿದರೆ ಸುಮ್ಮನಿದ್ದಾಗ ಸೋರುವುದು ಬಹಳ ಕಡಿಮೆ, ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೂ ಕೋಪಿಸಿಕೊಳ್ಳುವುದಿಲ್ಲ. ಕಾಯುವ ಕೆಲಸಕ್ಕೆ ಅರ್ಧ ಅರ್ಹತೆ ಇಲ್ಲೇ ಬಂತು.

ಮಾರುಕಟ್ಟೆಯಲ್ಲಿ ಮೋಸವೂ ಇದರದ್ದೇ ಹೆಚ್ಚು. 9,900 ಮಿಲಿಆಂಪಿಯರ್-ಅವರ್ ಎಂದು ಮೈಮೇಲೆ ಬರೆದುಕೊಂಡ 18650 ಸೆಲ್ಲುಗಳು ರಾಶಿ ರಾಶಿ ಸಿಗುತ್ತವೆ. ಹೆಸರಾಂತ ತಯಾರಕರ ಉತ್ತಮ ಸೆಲ್ಲುಗಳಲ್ಲೇ ಸಾಮಾನ್ಯವಾಗಿ ಕಾಣುವುದು ಎರಡು ಸಾವಿರದಿಂದ ಮೂರೂವರೆ ಸಾವಿರದವರೆಗೆ. ಹತ್ತು ಸಾವಿರದ ಸಮೀಪದ ಅಂಕಿ ಕಂಡಕೂಡಲೇ ಕೆಳಗಿಟ್ಟು ಬರುವುದು ಕ್ಷೇಮ. ಇನ್ನೊಂದು ಪರೀಕ್ಷೆಗೆ ಚಿನ್ನ ತೂಗುವ ತಕ್ಕಡಿಯೇನೂ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: ಸಾಚಾ ಸೆಲ್ಲು 45 ಗ್ರಾಮಿನ ಹತ್ತಿರ ತೂಗುತ್ತದೆ, ಹಗುರಾದದ್ದರಲ್ಲಿ ಸರಕು ಕಡಿಮೆ. ಕೆಟ್ಟ ಲ್ಯಾಪ್‌ಟಾಪ್ ಬ್ಯಾಟರಿ ಒಡೆದರೆ ಒಳಗೆ ಇದೇ ಸೆಲ್ಲುಗಳು ಸಿಗಬಹುದು, ಅವುಗಳಲ್ಲಿ ಕೆಲವು ಚೆನ್ನಾಗಿಯೂ ಇರುತ್ತವೆ. ಮಲ್ಟಿಮೀಟರ್ ಇಟ್ಟಾಗ ಎರಡು ವೋಲ್ಟ್‌ಗಿಂತ ಕಡಿಮೆ ತೋರಿಸಿದ್ದನ್ನು, ಚಾರ್ಜಿನಲ್ಲಿ ಬಿಸಿಯಾಗುವುದನ್ನು, ಮೈ ನುಗ್ಗಾದದ್ದನ್ನು ಮತ್ತೆ ಬಳಸಬಾರದು. ಲಿಥಿಯಂ ಸೆಲ್ಲು ಮುನಿದರೆ ಬೆಂಕಿ ಹತ್ತುತ್ತದೆ. ಉಳಿತಾಯದ ಆಸೆ ಇಲ್ಲಿ ಬೇಡ. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕುವುದೂ ತಪ್ಪು, ಬಿಸಿಗೆ ಒಳಗಿನ ತೆಳು ಪರದೆ ಹಾಳಾಗುತ್ತದೆ. ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೂರಿಸಿದರೆ ಮುಂದೊಮ್ಮೆ ಬದಲಿಸಲೂ ಅನುಕೂಲ.

ಚಾರ್ಜ್ ಮಾಡುವ ಹೊಣೆ ಟಿಪಿ4056 ಎಂಬ ಚಿಪ್ ಇರುವ ಪುಟ್ಟ ಸರ್ಕ್ಯೂಟ್ ಹಾಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಆನ್‌ಲೈನಿನಲ್ಲಿ, ಈಗ ತಾಲ್ಲೂಕು ಕೇಂದ್ರಗಳ ಕೆಲವು ಮೊಬೈಲ್ ರಿಪೇರಿ ಅಂಗಡಿಗಳಲ್ಲೂ ಹತ್ತಾರು ರೂಪಾಯಿಗೆ ಸಿಗುತ್ತದೆ. ಮೊದಲು ಒಂದೇ ಸಮನಾದ ಕರೆಂಟು, 4.2 ವೋಲ್ಟ್ ಮುಟ್ಟಿದ ಮೇಲೆ ಕರೆಂಟನ್ನು ಇಳಿಸುತ್ತ ಇಳಿಸುತ್ತ ಹತ್ತನೇ ಒಂದು ಭಾಗಕ್ಕೆ ಬಂದಾಗ ಪೂರ್ತಿ ನಿಲ್ಲಿಸುವುದು, ಇದು ಅದರ ಪದ್ಧತಿ. ಕೆಪಾಸಿಟರ್-ಡಯೋಡ್‌ಗಳ ಲೈಟಿಗೆ ಇಲ್ಲದಿದ್ದ ಬುದ್ಧಿ ಇದೇ. ಕೊಳ್ಳುವಾಗ ನೋಡಬೇಕಾದದ್ದು ಹಾಳೆಯ ಅಂಚಿನಲ್ಲಿ ತಂತಿ ಬೆಸೆಯಲು ಎಷ್ಟು ಜಾಗ ಇದೆ ಎಂಬುದು. ನಾಲ್ಕಿದ್ದರೆ ಬರಿಯ ಚಾರ್ಜರ್. ಆರಿದ್ದರೆ ಸೆಲ್ಲು ತೀರಾ ಬತ್ತುವ ಮೊದಲೇ ತಂತಿ ಕಡಿದು ಕಾಪಾಡುವ, ಶಾರ್ಟ್ ಆದರೆ ತಡೆಯುವ ಇನ್ನೆರಡು ಚಿಪ್ ಅದರಲ್ಲಿವೆ. ಆರಿನದೇ ಬೇಕು.

ಎಲ್‌ಇಡಿಗಳ ವಿಚಾರಕ್ಕೆ ಬಂದರೆ ಅರ್ಧ ವಾಟ್‌ನವು ಮೂರು ಸಾಕು. ಬಿಳಿ ಎಲ್‌ಇಡಿ ಉರಿಯಲು ಮೂರು ವೋಲ್ಟ್ ಚಿಲ್ಲರೆ ಬೇಕು, ಸೆಲ್ಲು ಕೊಡುವುದು 3.7. ನಡುವಿನ ವ್ಯತ್ಯಾಸವನ್ನು ನುಂಗಲು ಒಂದೊಂದು ಎಲ್‌ಇಡಿಗೂ ಪ್ರತ್ಯೇಕವಾಗಿ 10 ಓಮ್‌ನ ಒಂದು ರೆಸಿಸ್ಟರ್. ಒಂದೇ ರೆಸಿಸ್ಟರಿಗೆ ಮೂರನ್ನೂ ಜೋಡಿಸುವ ಸೋಮಾರಿತನಕ್ಕೆ ದಂಡವಿದೆ: ಮೂರರಲ್ಲಿ ತುಸು ಕಡಿಮೆ ವೋಲ್ಟೇಜಿಗೆ ಒಲಿಯುವುದು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಎಳೆಯುತ್ತದೆ. ಬೇರೆ ಬೇರೆ ಕೊಟ್ಟರೆ ಸೆಲ್ಲು 4.2 ವೋಲ್ಟ್ ಇರುವಾಗ ಒಂದೊಂದರಲ್ಲಿ 115 ಮಿಲಿಆಂಪಿಯರ್, 3.7ಕ್ಕೆ ಬಂದಾಗ 70, 3.4ಕ್ಕೆ ಇಳಿದಾಗ 45ರ ಆಸುಪಾಸು ಹರಿಯುತ್ತದೆ. ಮೂರೂ ಸೇರಿ ಸರಾಸರಿ 200. ಪ್ರಾಮಾಣಿಕವಾಗಿ 2,000 ಮಿಲಿಆಂಪಿಯರ್-ಅವರ್ ಇರುವ ಸೆಲ್ಲು ಹತ್ತು ಗಂಟೆ ಬರುತ್ತದೆ. ದಿನಕ್ಕೆ ಸಂಜೆ ಆರೂವರೆಯಿಂದ ಹತ್ತರವರೆಗೆ ಉರಿಸಿದರೆ ಮೂರು ರಾತ್ರಿಯ ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು. ಇದೇ ಸೆಲ್ಲನ್ನು ಇನ್ನೊಂದರ ಜೊತೆ ಸಮಾನಾಂತರವಾಗಿ ಜೋಡಿಸಿದರೆ ಅವಧಿ ದುಪ್ಪಟ್ಟು. ಆಗ ಎರಡೂ ಒಂದೇ ತಯಾರಿಯವಾಗಿದ್ದು, ಜೋಡಿಸುವಾಗ ಒಂದೇ ವೋಲ್ಟೇಜಿನಲ್ಲಿರಬೇಕು.

ಬೆಲೆಬಾಳುವ ಡ್ರೈವರ್ ಸರ್ಕ್ಯೂಟು ಹಾಕಿ ಕೊನೆಯವರೆಗೂ ಒಂದೇ ಪ್ರಕಾಶ ಕೊಡಿಸಬಹುದು. ಎಮರ್ಜೆನ್ಸಿ ಲೈಟಿಗೆ ಅದು ಒಳ್ಳೆಯ ಗುಣವೇ ಅಲ್ಲ. ಒಂದೇ ಸಮ ಉರಿದು ಪಟ್ಟನೆ ಆರುವ ದೀಪಕ್ಕಿಂತ ಸಣ್ಣಗಾಗುತ್ತ ಮುನ್ಸೂಚನೆ ಕೊಡುವ ದೀಪ ಮನೆಯವರಿಗೆ ಹೆಚ್ಚು ಉಪಕಾರಿ. ರೆಸಿಸ್ಟರು ಆ ಉಪಕಾರವನ್ನು ಒಂದು ರೂಪಾಯಿಯಲ್ಲಿ ಮಾಡುತ್ತದೆ.

ತಾನಾಗಿ ಹೊತ್ತಿಕೊಳ್ಳುವ ಭಾಗ ನೋಡಲು ಮ್ಯಾಜಿಕ್ಕಿನಂತಿದ್ದರೂ ತರ್ಕ ಸರಳ. ಸೆಲ್ಲಿಗೂ ಎಲ್‌ಇಡಿಗಳಿಗೂ ನಡುವೆ ಪಿ-ಚಾನೆಲ್ ಮಾಸ್‌ಫೆಟ್ ಎಂಬ ಮೂರು ಕಾಲಿನ ಸ್ವಿಚ್ಚು. ಅದರ ಗೇಟ್ ಎಂಬ ಕಾಲಿನಲ್ಲಿ ವೋಲ್ಟೇಜ್ ಹೆಚ್ಚಿದ್ದರೆ ಬಾಗಿಲು ಮುಚ್ಚಿರುತ್ತದೆ, ಸೊನ್ನೆಗೆ ಇಳಿದರೆ ತೆರೆಯುತ್ತದೆ. ಗೇಟನ್ನು ಒಂದು ಡಯೋಡಿನ ಮೂಲಕ ಮೊಬೈಲ್ ಚಾರ್ಜರಿನ 5 ವೋಲ್ಟ್‌ಗೆ, ಒಂದು ಲಕ್ಷ ಓಮ್‌ನ ರೆಸಿಸ್ಟರಿನ ಮೂಲಕ ನೆಗೆಟಿವ್‌ಗೆ ಕಟ್ಟಿದರೆ ಮುಗಿಯಿತು. ಮನೆಯಲ್ಲಿ ಕರೆಂಟ್ ಇರುವಷ್ಟು ಹೊತ್ತು 5 ವೋಲ್ಟ್ ಗೇಟನ್ನು ಎತ್ತಿ ಹಿಡಿದಿರುತ್ತದೆ, ದೀಪ ಆರಿರುತ್ತದೆ, ಸೆಲ್ಲು ಚಾರ್ಜ್ ಆಗುತ್ತಿರುತ್ತದೆ. ಕರೆಂಟ್ ಹೋದಕೂಡಲೇ ಹಿಡಿದ ಕೈ ಬಿಟ್ಟುಹೋಗಿ ಗೇಟು ಸೊನ್ನೆಗೆ ಇಳಿಯುತ್ತದೆ. ಚಾರ್ಜರಿನೊಳಗೆ ಉಳಿದ ಚೂರುಪಾರು ಕರೆಂಟು ಖಾಲಿಯಾಗುವಷ್ಟರಲ್ಲಿ ದೀಪ ಹೊತ್ತಿರುತ್ತದೆ. ಚಾರ್ಜಿನಲ್ಲಿರುವಾಗ ಹೊರೆಯೂ ಇದ್ದರೆ ಟಿಪಿ4056ಗೆ ಸೆಲ್ಲು ತುಂಬಿತೋ ಇಲ್ಲವೋ ಗೊತ್ತಾಗದೆ ಗೊಂದಲವಾಗುವುದುಂಟು. ಇಲ್ಲಿ ಚಾರ್ಜ್ ಮತ್ತು ಉರಿ ಎಂದೂ ಒಟ್ಟಿಗೆ ನಡೆಯದ್ದರಿಂದ ಆ ರಗಳೆಯೂ ಇಲ್ಲ. ಈ ಕೆಲಸಕ್ಕೆ ಒಪ್ಪುವ ಎಒ3401ರಂಥ ಮಾಸ್‌ಫೆಟ್ ಅಕ್ಕಿಕಾಳಿಗಿಂತ ಚಿಕ್ಕದು, ಬೆಸುಗೆಗೆ ಕೈ ಪಳಗಿರಬೇಕು. ಪಳಗದವರಿಗೆ ಹಳೆಯ ಕಾಲದಿಂದ ಐಟಿಐ, ಡಿಪ್ಲೊಮಾ ಹುಡುಗರ ನೆಚ್ಚಿನ ಬಿಡಿ140 ಟ್ರಾನ್ಸಿಸ್ಟರಿದೆ. ಆಗ ಒಂದು ಲಕ್ಷ ಓಮ್‌ನ ಜಾಗಕ್ಕೆ ಒಂದು ಸಾವಿರ ಓಮ್ ಬರಬೇಕು, ಅದು ತುಸು ವಿದ್ಯುತ್ತನ್ನು ತಾನೇ ತಿನ್ನುತ್ತದೆ ಅಷ್ಟೆ.

ಕಟ್ಟಿ ಮುಗಿಸಿ ಗೋಡೆಗೆ ನೇತುಹಾಕಿದ ಮೇಲೆ ಪುಸ್ತಕದಲ್ಲಿಲ್ಲದ ತಕರಾರುಗಳು ಶುರುವಾಗುತ್ತವೆ. ಮೊದಲನೆಯದು ಹಗಲು. ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋದರೂ ದೀಪ ನಿಷ್ಠೆಯಿಂದ ಹೊತ್ತಿಕೊಂಡು ಸಂಜೆಯ ಹೊತ್ತಿಗೆ ಸೆಲ್ಲನ್ನು ಬರಿದು ಮಾಡಿಟ್ಟಿರುತ್ತದೆ. ಇದಕ್ಕೆ ಎಲ್‌ಡಿಆರ್ ಎಂಬ, ಬೆಳಕು ಬಿದ್ದರೆ ತಡೆ ಕಡಿಮೆಯಾಗುವ ಪುಟ್ಟ ಬಿಲ್ಲೆಯನ್ನು ಸೆಲ್ಲಿನ ಪಾಸಿಟಿವ್‌ಗೂ ಗೇಟಿಗೂ ನಡುವೆ ಹಾಕುತ್ತಾರೆ. ಹಗಲಿನಲ್ಲಿ ಅದೇ ಗೇಟನ್ನು ಎತ್ತಿ ಹಿಡಿಯುತ್ತದೆ, ಕತ್ತಲಾದರೆ ಬಿಟ್ಟುಕೊಡುತ್ತದೆ. ಆದರೆ ಬಿಲ್ಲೆಯನ್ನು ಎಲ್‌ಇಡಿಯ ಎದುರಿಗೇ ಕೂರಿಸಿದರೆ ದೀಪ ಹೊತ್ತಿದೊಡನೆ ಅದರ ಬೆಳಕನ್ನೇ ಕಂಡು ಹಗಲಾಯಿತೆಂದು ಬಿಲ್ಲೆ ದೀಪವನ್ನು ಆರಿಸಲು ನೋಡುತ್ತದೆ. ಕತ್ತಲಾಯಿತೆಂದು ಮತ್ತೆ ಹೊತ್ತಿಸಲು ಹೋಗುತ್ತದೆ. ಕೊನೆಗೆ ದೀಪ ಮಿಣುಮಿಣುಕುತ್ತಲೋ ಅರೆಬರೆ ಉರಿಯುತ್ತಲೋ ನಿಲ್ಲುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ತೂತು ಕೊರೆದು ಬಿಲ್ಲೆಯನ್ನು ಕಿಟಕಿಯ ಕಡೆ ತಿರುಗಿಸುವುದೇ ಮದ್ದು.

ಎರಡನೆಯದು ಗುಡುಗು. ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು ಶುರುವಾದೊಡನೆ ಹಳ್ಳಿಯ ಮನೆಗಳಲ್ಲಿ ಟಿವಿ, ಫ್ರಿಡ್ಜ್ ಎಲ್ಲದರ ಪ್ಲಗ್ ಕೀಳುವ ರೂಢಿಯಿದೆ, ಅದು ಸರಿಯೂ ಹೌದು. ಈ ದೀಪದ ಪ್ಲಗ್ ಕಿತ್ತರೆ ಮಾತ್ರ ಅದು ಕರೆಂಟೇ ಹೋಯಿತೆಂದುಕೊಂಡು ಹೊತ್ತಿಕೊಳ್ಳುತ್ತದೆ. ಪಾಪ, ಅದಕ್ಕೆ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಎಲ್‌ಇಡಿಗಳ ದಾರಿಯಲ್ಲಿ ಕೈಯಿಂದ ಒತ್ತುವ ಒಂದು ಸಾದಾ ಸ್ವಿಚ್ಚನ್ನೂ ಹಾಕಿರಬೇಕು. ನಡುರಾತ್ರಿ ಕರೆಂಟ್ ಹೋಗಿ ಮಲಗಿದವರ ಕಣ್ಣಿಗೆ ಬೆಳಕು ರಾಚಿದಾಗಲೂ ಆ ಸ್ವಿಚ್ಚು ನೆನಪಾಗುತ್ತದೆ.

ಕರೆಂಟ್ ಹೋಯಿತೋ ಯಾರೋ ಸ್ವಿಚ್ ಆರಿಸಿದರೋ ಎಂಬ ವ್ಯತ್ಯಾಸವನ್ನು ಅಂಗಡಿಯಲ್ಲಿ ಸಿಗುವ ಇನ್ವರ್ಟರ್ ಬಲ್ಬು ಹೇಗೆ ಅರಿಯುತ್ತದೆ ಎಂಬುದು ಕೇಳತಕ್ಕ ಕಥೆ. ಹೋಲ್ಡರಿಗೆ ಹಾಕುವ ಈ 9 ವಾಟ್ ಬಲ್ಬಿನೊಳಗೇ ಲಿಥಿಯಂ ಸೆಲ್ಲಿರುತ್ತದೆ. ಮೇನ್ಸ್ ಇಲ್ಲವಾದಾಗ ಬಲ್ಬು ತನ್ನ ಎರಡು ತುದಿಗಳ ನಡುವೆ ಹೊರಗಿನಿಂದ ದಾರಿ ಇದೆಯೇ ಎಂದು ಸಣ್ಣ ವೋಲ್ಟೇಜಿನಲ್ಲಿ ತಡಕುತ್ತದೆ. ಗೋಡೆಯ ಸ್ವಿಚ್ ಹಾಕಿದ್ದರೆ ಫ್ಯಾನು, ಫ್ರಿಡ್ಜು, ಹೊರಗಿನ ಲೈನು ಇವುಗಳ ಮೂಲಕ ದಾರಿ ಸಿಗುತ್ತದೆ: ಅಂದರೆ ಸ್ವಿಚ್ ಇದೆ, ಕರೆಂಟಿಲ್ಲ, ಉರಿಯಬೇಕು. ಸ್ವಿಚ್ ಆರಿಸಿದ್ದರೆ ದಾರಿ ಇಲ್ಲ, ಸುಮ್ಮನಿರಬೇಕು. ಬಲ್ಬನ್ನು ಕೈಯಲ್ಲಿ ಹಿಡಿದು ಎರಡು ತುದಿಗೆ ಬೆರಳಿಟ್ಟರೆ ಉರಿಯುವ ಜಾದೂ ಇದೇ. ಬೆರಳೇ ಅಲ್ಲಿ ದಾರಿಯಾಗುತ್ತದೆ. ಜಾಣ ವಿನ್ಯಾಸ, ಸಂಶಯವಿಲ್ಲ. ಆದರೆ ದಿನಾ ನಾಲ್ಕೈದು ಗಂಟೆ ಉರಿದು ಬಿಸಿಯಾಗುವ ಬಲ್ಬಿನ ಕುತ್ತಿಗೆಯಲ್ಲಿ ಸೆಲ್ಲನ್ನು ಕೂರಿಸಿದ್ದು ಸೆಲ್ಲಿನ ಆಯಸ್ಸಿನ ದೃಷ್ಟಿಯಿಂದ ಕೆಟ್ಟ ಜಾಗ. ಪೂರ್ತಿ ತುಂಬಿರುವುದು, ಬಿಸಿಯಲ್ಲಿರುವುದು, ಇವೆರಡೂ ಕೂಡಿದಾಗ ಲಿಥಿಯಂ-ಅಯಾನ್ ಬೇಗ ಮುದಿಯಾಗುತ್ತದೆ.

ಈ ಮಾತು ಕೈಯಾರೆ ಕಟ್ಟಿದ ದೀಪಕ್ಕೂ ತಟ್ಟುತ್ತದೆ. ಅದರ ಸೆಲ್ಲೂ ವರ್ಷವಿಡೀ ತುಂಬಿಕೊಂಡೇ ಕೂತಿರುತ್ತದೆ. ಗೋಡೆಯ ತಂಪಿನ ಬದಿಯಲ್ಲಿ, ಹೆಂಚಿನ ಸೂರಿನಿಂದ ಕೆಳಗೆ ಇಟ್ಟರೆ ಕೆಲವು ವರ್ಷ ಬಾಳುತ್ತದೆ. ಇನ್ನೂ ಉತ್ತಮ ಉತ್ತರ ಬೇಕೆನ್ನುವವರಿಗೆ ಅದರ ದಾಯಾದಿ ಒಂದಿದೆ: ಲಿಥಿಯಂ ಕಬ್ಬಿಣದ ಫಾಸ್ಫೇಟ್ ಸೆಲ್ಲು. ಟೆಕ್ಸಾಸ್‌ನಲ್ಲಿ ಗುಡ್‌ಇನಫ್ ಅವರ ಬಳಗ ಈ ವಸ್ತುವನ್ನು ಲೋಕಕ್ಕೆ ಪರಿಚಯಿಸಿದ 1997ರ ಪ್ರಬಂಧದ ಮೇಲಿರುವುದು ಮೂರು ಹೆಸರು. ಅದರಲ್ಲಿ ಗುಡ್‌ಇನಫ್ ಅವರ ಜೊತೆಗಿನ ಎರಡೂ ಭಾರತೀಯ ಹೆಸರುಗಳು, ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ನೊಬೆಲ್ ಸುದ್ದಿಯ ಗದ್ದಲದಲ್ಲಿ ಇವು ಕೇಳಿಸಿದ್ದು ಕಡಿಮೆ. ಫಾಸ್ಫೇಟ್ ಸೆಲ್ಲು ಅದೇ ತೂಕಕ್ಕೆ ಕಡಿಮೆ ವಿದ್ಯುತ್ ಹಿಡಿಯುತ್ತದೆ. ಆದರೆ ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ, ಸೆಕೆ ತಾಳುತ್ತದೆ, ತುಂಬಿಕೊಂಡು ಕೂತರೂ ಅಷ್ಟಾಗಿ ಸವೆಯುವುದಿಲ್ಲ. ಬೀದಿಯ ಸೋಲಾರ್ ದೀಪಗಳಲ್ಲಿ ಕಾಣುವ ದಪ್ಪನೆಯ 32650 ಸೆಲ್ಲುಗಳು ಇದೇ ಜಾತಿಯವು, ಒಂದೊಂದು 6,000 ಮಿಲಿಆಂಪಿಯರ್-ಅವರ್‌ವರೆಗೆ. ಇದರ ವೋಲ್ಟೇಜು 3.2 ಮಾತ್ರ, ಆದ್ದರಿಂದ ರೆಸಿಸ್ಟರು ಒಂದೆರಡು ಓಮ್‌ಗೆ ಇಳಿಯಬೇಕು. ತುಂಬುವ ಮಿತಿಯೂ 3.65 ವೋಲ್ಟ್. ಟಿಪಿ4056 ಇದಕ್ಕೆ ಸಲ್ಲದು, 4.2ರವರೆಗೆ ಒತ್ತಿ ಹಾಳುಮಾಡುತ್ತದೆ, 3.6 ವೋಲ್ಟ್‌ಗೆ ಹೊಂದಿಸಬಹುದಾದ ಟಿಪಿ5000ದಂಥ ಚಿಪ್ಪಿನ ಹಾಳೆ ಬೇಕು. ಮೂರು ರಾತ್ರಿಯ ದೀಪ ಬೇಕಾದ ಕಾಡಂಚಿನ ಮನೆಗೆ ಇದೇ ತಕ್ಕದ್ದು.

ಇಷ್ಟೆಲ್ಲ ಕೇಳಿದ ಮೇಲೆ ಅಂಗಡಿಯದೇ ಸುಲಭವಲ್ಲವೇ ಎಂದು ಅನಿಸಬಹುದು. ಹಣದ ಲೆಕ್ಕದಲ್ಲಿ ಭಾರೀ ಉಳಿತಾಯವೇನೂ ಇಲ್ಲ. ಒಳ್ಳೆಯ ಸೆಲ್ಲಿಗೇ ಹೆಚ್ಚು ಖರ್ಚು. ಎಲ್‌ಇಡಿ, ರೆಸಿಸ್ಟರ್, ಮಾಸ್‌ಫೆಟ್, ಚಾರ್ಜಿಂಗ್ ಹಾಳೆ, ಪಿವಿಸಿ ಜಂಕ್ಷನ್ ಬಾಕ್ಸ್ ಸೇರಿ ಅದರ ಮೇಲೊಂದಿಷ್ಟು. ಲಾಭವಿರುವುದು ಬಿಚ್ಚಿ ಸರಿಮಾಡಬಹುದು ಎಂಬುದರಲ್ಲಿ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕಟ್ಟಿದ ಸೆಲ್ಕೊ ಸಂಸ್ಥೆ ಕರಾವಳಿ, ಮಲೆನಾಡಿನ ಮನೆಗಳಿಗೆ ಸೋಲಾರ್ ದೀಪ ಕೊಂಡೊಯ್ದಾಗ ಪ್ಯಾನೆಲ್, ಬಲ್ಬುಗಳಷ್ಟೇ ಗಮನವನ್ನು ಬ್ಯಾಂಕ್ ಸಾಲಕ್ಕೂ ಕರೆದರೆ ಬರುವ ಸ್ಥಳೀಯ ಮೆಕ್ಯಾನಿಕ್ಕಿಗೂ ಕೊಟ್ಟಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೀಪ ಕೊಡುವುದಕ್ಕಿಂತ ಅದನ್ನು ಉರಿಯುವಂತೆ ಉಳಿಸಿಕೊಳ್ಳುವುದು ದೊಡ್ಡ ಕೆಲಸ ಎಂದು ಆ ಮನೆಗಳಿಗೆ ಓಡಾಡಿದ ಮೆಕ್ಯಾನಿಕ್ಕುಗಳಿಗೆ ಗೊತ್ತು. ಹೋಲ್ಡರಿನಲ್ಲಿ ಕೂತ ಸೆಲ್ಲು, ಸ್ಕ್ರೂ ಹಾಕಿದ ಮುಚ್ಚಳ ಇರುವ ದೀಪಕ್ಕೆ ಆ ಮೆಕ್ಯಾನಿಕ್ ಮನೆಯವರೇ ಆಗಬಹುದು. ಪೆಟ್ಟಿಗೆಯ ತೂತುಗಳಿಗೆ ಸ್ವಲ್ಪ ಸಿಲಿಕೋನ್ ಅಂಟು ಹಚ್ಚುವುದನ್ನು ಮರೆಯಬಾರದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇರುವೆಗಳಿಗೆ ಚಾರ್ಜಿಂಗ್ ಹಾಳೆ ಬಹಳ ಇಷ್ಟ.

ನಿರ್ವಹಣೆ ಎಂದರೆ ತಿಂಗಳಿಗೊಮ್ಮೆ ಸಂಜೆ ಪ್ಲಗ್ ಕಿತ್ತು ಒಂದೆರಡು ಗಂಟೆ ಉರಿಸಿ ನೋಡುವುದು. ಸೆಲ್ಲು ಹಾಕಿದ ತಿಂಗಳು, ವರ್ಷವನ್ನು ಅದರ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಟ್ಟರೆ ಮುಂದೆ ಊಹಿಸುವ ಕಷ್ಟವಿಲ್ಲ. ಮೊದಲು ಹತ್ತು ಗಂಟೆ ಬರುತ್ತಿದ್ದದ್ದು ಐದಕ್ಕೆ ಇಳಿದಾಗ ಬದಲಿಸಬೇಕು. ತೆಗೆದ ಸೆಲ್ಲಿನ ವಿಚಾರದಲ್ಲಿ ಸೀಸಕ್ಕೂ ಲಿಥಿಯಮ್ಮಿಗೂ ದೊಡ್ಡ ಅಂತರವಿದೆ. ಸತ್ತ ಸೀಸದ ಬ್ಯಾಟರಿಗೆ ಗುಜರಿಯವರು ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಒಂಟಿ ಲಿಥಿಯಂ ಸೆಲ್ಲನ್ನು ಕೇಳುವವರು ಅಪರೂಪ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹತ್ತಿರದಲ್ಲಿ ಇ-ತ್ಯಾಜ್ಯ ಸಂಗ್ರಹಿಸುವವರು ಸಿಗುವವರೆಗೆ ಸೆಲ್ಲಿನ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಒಣ ಡಬ್ಬಿಯಲ್ಲಿ ಇಡಬೇಕು. ಮೊಳೆ, ಕೀ, ಚಿಲ್ಲರೆ ಕಾಸು ಇರುವ ಡ್ರಾಯರಿನಲ್ಲಿ ಮಾತ್ರ ಬೇಡ.